ಎದುರಾಳಿಯ ಹೆಬ್ಬೆಟ್ಟು

ಇದು ನಡೆದದ್ದು. ತಿನ್ನುವ ರೊಟ್ಟಿಯ ಮೇಲೆ ಆಣೆ, ರೊಟ್ಟಿಯ ಮೇಲಿನ ಶೇಂಗಾ ಚಟ್ನಿಯ ಮೇಲೂ ಆಣೆ. ಒಂದಕ್ಷರ ಸುಳ್ಳಾದರೆ ನಾಳೆಯಿಂದ ನನ್ನ ಮೀಸೆ ಒಂದೇ ಕಡೆ ಬೆಳೆಯಲಿ. ಇನ್ನೂ ಬಾರದ ವರ್ಷದಲ್ಲಿ ನಡೆದದ್ದನ್ನು ನೀನು ಹೇಗೆ ಕಂಡೆ ಎಂದು ಮಾತ್ರ ಕೇಳಬೇಡಿ. ಎಮ್ಮೆ ಈಯುವ ಮೊದಲೇ ಕರುವಿಗೆ ಹೆಸರಿಟ್ಟು, ಗಿಣ್ಣ ಹಂಚಿ ಮುಗಿಸುವ ಊರಿನವನು ನಾನು.

ಇಂಡಿ ಕಡೆಯ ಗುರುಪಾದಪ್ಪ ಹರದೇಶಿ ಹಾಡುಗಾರ. ಹರದೇಶಿ ಎಂದರೆ ಗೀಗೀ ಪದದ ಮೇಳಗಳಲ್ಲಿ ಗಂಡು ಹೆಚ್ಚು ಎಂದು ವಾದಿಸಿ ಹಾಡುವ ಪಕ್ಷ. ಎದುರಿಗೆ ನಾಗೇಶಿ ಪಕ್ಷ, ಅವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕಟ್ಟುತ್ತಾರೆ. ಗುರುಪಾದಪ್ಪನ ಎದುರಿಗೆ ಮೂವತ್ತಾರು ವರ್ಷ ನಿಂತು ಹಾಡಿದವಳು ದಾನವ್ವ. ಅವಳ ಗಂಟಲು ಎಂಥದೆಂದರೆ, ಒಮ್ಮೆ ಅವಳು ಮೇಲಿನ ಸ್ವರ ಹಿಡಿದಾಗ ಮೂರು ಊರಿನಾಚೆ ಒಬ್ಬ ಮುದುಕನ ಕಿವಿಯ ಗುಗ್ಗೆ ಕರಗಿ, ಹತ್ತು ವರ್ಷದ ಹಿಂದೆ ಹೆಂಡತಿ ಬೈದದ್ದು ಅವತ್ತು ಕೇಳಿಸಿತಂತೆ.

ಇವರಿಬ್ಬರ ನಡುವೆ ಎರಡೇ ಕಟ್ಟಳೆ. ಒಂದು, ಜವಾಬು ಹೊಳೆಯದವರು ಕೈಯಲ್ಲಿ ಹಿಡಿದು ಬಡಿಯುವ ತಮ್ಮ ಚರ್ಮದ ವಾದ್ಯ ದಪ್ಪನ್ನು ನೆಲದ ಮೇಲೆ ಬೋರಲು ಹಾಕಬೇಕು. ಸೋತೆ ಎಂದರ್ಥ. ಎರಡು, ಎದುರಾಳಿಯ ದಪ್ಪನ್ನು ಇನ್ನೊಬ್ಬರು ಬೋರಲು ಹಾಕುವಂತಿಲ್ಲ, ಸತ್ತರೂ ಹಾಕುವಂತಿಲ್ಲ. ಮೂವತ್ತಾರು ವರ್ಷದಲ್ಲಿ ಇಬ್ಬರ ದಪ್ಪೂ ಒಮ್ಮೆಯೂ ಬೋರಲಾಗಿರಲಿಲ್ಲ.

ಒಂದು ಮಧ್ಯಾಹ್ನ ಹೊಸ ಸಂತೆಕಟ್ಟೆಯ ಉದ್ಘಾಟನೆಗೆ ಇಬ್ಬರನ್ನೂ ಕರೆಸಿದ್ದರು. ದಾನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸವಾಲು ಹಾಕಿದಳು:

ಕುಂತು ಉಣ್ಣಾಂವ ಗಂಡಪ್ಪ, ನಿಂತು ನೀಡಾಕಿ ಹೆಣ್ಣವ್ವ,
ಊಟ ಮುಗೀತು ಏಳನ್ನಾಕ ಯಾರಿಗ್ಹಕ್ಕ ಹೇಳೋ ಗುರುಪಾದ?

ಗುರುಪಾದಪ್ಪ ರುಮಾಲಿನೊಳಗೆ ಬೆರಳು ತೂರಿಸಿ ತಲೆ ಕೆರೆದ. ಉಣ್ಣುವವನ ಹಕ್ಕು ಎಂದರೆ, 'ಸೌಟು ಸುರೀತಾ ಇದ್ರ ನೀ ಹ್ಯಾಂಗ ಏಳ್ತಿ' ಎನ್ನುತ್ತಾಳೆ. ನೀಡುವವಳ ಹಕ್ಕು ಎಂದರೆ ಹೆಣ್ಣೇ ಹೆಚ್ಚು ಎಂದು ತಾನೇ ಒಪ್ಪಿದಂತೆ. ಅವನು ಒದ್ದಾಡುವುದನ್ನು ನೋಡಿ ದಾನವ್ವ ನಕ್ಕಳು. ನಗುತ್ತಲೇ ಕೂತಳು, ಕೂತಲ್ಲೇ ವಾಲಿದಳು. ಜನ ಇದೂ ಒಂದು ಆಟ ಎಂದು ಸಿಳ್ಳೆ ಹಾಕಿದರು. ಅವಳ ತಲೆಯೊಳಗೆ ನರ ಒಡೆದಿತ್ತು.

ಆಮೇಲೆ ಏಳು ವಾರ ಅವಳು ಜಿಲ್ಲಾ ಊರಿನ ದೊಡ್ಡ ದವಾಖಾನೆಯಲ್ಲಿ ಉಸಿರಾಟದ ಯಂತ್ರದ ಮೇಲೆ ಮಲಗಿದಳು. ಯಂತ್ರ ಎದೆಯನ್ನು ಏರಿಸುತ್ತಿತ್ತು, ಇಳಿಸುತ್ತಿತ್ತು. ಕಣ್ಣು ತೆರೆಯಲಿಲ್ಲ. ಯಂತ್ರ ತೆಗೆಯಬೇಕೋ ಬೇಡವೋ? ಅವಳ ತಮ್ಮ ಮಲಕಾರಿ ತೆಗೀರಿ ಎಂದ. ಮಗಳು ಕಸ್ತೂರಿ, ಬಸ್ಸಿನ ಕಂಡಕ್ಟರು, ಬೇಡ ಎಂದಳು.

ಆ ಕಾಲದಲ್ಲಿ ಇಂಥ ಜಗಳಕ್ಕೆ ಕಾನೂನು ಒಂದು ಯಂತ್ರವನ್ನು ಕೊಟ್ಟಿತ್ತು. ಉದ್ದದ ಹೆಸರು ಬೇರೆ ಏನೋ ಇತ್ತು, ಜನ ತಕ್ಕಡಿ ಎಂದು ಕರೆದರು. ಅದರ ಗುಟ್ಟು ನನಗೆ ತಿಳಿದಷ್ಟು ಹೇಳುತ್ತೇನೆ. ಮನುಷ್ಯ ತನ್ನ ತಲೆಯೊಳಗೆ ಮಾತ್ರ ಇರುವುದಿಲ್ಲ. ಅವನ ಜೊತೆ ಬಾಳಿದವರ ತಲೆಯಲ್ಲೂ ಅವನದೊಂದು ಮರಿ ಕೂತಿರುತ್ತದೆ. ಹೆಂಡತಿ ಅಡುಗೆಮನೆಯಲ್ಲಿದ್ದುಕೊಂಡೇ, 'ಈಗ ಇಂವ ಉಪ್ಪಿನಕಾಯಿ ಕೇಳ್ತಾನ' ಎನ್ನುವುದಿಲ್ಲವೇ? ಹೇಳುವುದು ಆ ಮರಿ. ಯಾರ ತಲೆಯ ಮರಿ ಹೆಚ್ಚು ನಿಜ ಎಂದು ತಕ್ಕಡಿ ತೂಗುತ್ತದೆ. ರೋಗಿಗೆ ಒಂದು ತಂತಿಯ ಟೊಪ್ಪಿಗೆ, ಬಂಧುವಿಗೆ ಇನ್ನೊಂದು. ಮುನ್ನೂರು ಸಣ್ಣ ಸಣ್ಣ ಸಂಗತಿ ಹೇಳುತ್ತಾರೆ. ಒಂದು ಹೆಸರು, ಒಂದು ವಾಸನೆ, ನಾಲಿಗೆಗೆ ಒಂದು ಚೂರು ಬೆಲ್ಲ. ರೋಗಿಯ ಮೆದುಳಿನಲ್ಲಿ ಬೂದಿ ಮುಚ್ಚಿದ ಕೆಂಡದಷ್ಟು ಬೆಳಕಿದ್ದರೆ ಸಾಕು, ಇಷ್ಟವಾದರೆ ಹಸಿರು ದೀಪ, ಆಗದಿದ್ದರೆ ಕೆಂಪು. ಅದೇ ಸಂಗತಿಗೆ ಬಂಧು, 'ಇವಳು ಹೀಗೆ ಅನ್ನುತ್ತಾಳೆ' ಎಂದುಕೊಂಡದ್ದು ಎಷ್ಟು ಸಲ ತಾಳೆಯಾಯಿತೋ ಆ ಲೆಕ್ಕದಲ್ಲಿ ನೂರಕ್ಕೆ ಇಷ್ಟು ಎಂದು ಅಂಕ. ಹೆಚ್ಚು ಬಂದವರ ಹೆಬ್ಬೆಟ್ಟಿಗೆ ಉಸಿರಾಟದ ಯಂತ್ರದ ಕೀಲಿ.

ಕಸ್ತೂರಿಗೆ ಐವತ್ತನಾಲ್ಕು ಬಂತು. ಮಲಕಾರಿಗೆ ಮೂವತ್ತೆಂಟು. ಅರವತ್ತು ದಾಟದಿದ್ದರೆ ರೋಗಿಯ ಜೊತೆ ಹತ್ತು ವರ್ಷಕ್ಕಿಂತ ಹೆಚ್ಚು ಒಡನಾಡಿದ ಯಾರನ್ನಾದರೂ ಕರೆಯಬೇಕು ಎಂದು ಕಾನೂನು. ಹಾಗೆ ಗುರುಪಾದಪ್ಪನಿಗೆ ಕರೆ ಹೋಯಿತು.

ಅವಳು ಬಿದ್ದಾಗ ಎದುರಿಗಿದ್ದವನು ತಾನಲ್ಲವೇ, ಹೇಗೆ ಬಿದ್ದಳು ಎಂದು ಕೇಳುತ್ತಾರೆ ಅಂತ ಅವನು ಹೋದ. ಹೋದರೆ ರುಮಾಲು ತೆಗೆಸಿ ಟೊಪ್ಪಿಗೆ ಹಾಕಿದರು. ಗಾಜಿನಾಚೆ ದಾನವ್ವ ಮಲಗಿದ್ದಳು. ಅವಳ ಬಾಯಿ ಮುಚ್ಚಿದ್ದನ್ನು ಗುರುಪಾದಪ್ಪ ನೋಡಿದ್ದು ಅದೇ ಮೊದಲು.

ತಕ್ಕಡಿ ನಡೆಸುವ ಡಾಕ್ಟರು ಫರ್ಹಾನಾ ಇನಾಮದಾರ ಹೇಳಿದಳು: "ಕಾಕಾರ, ನಾನು ಒಂದೊಂದ ಹೆಸರು ಹೇಳ್ತೀನಿ. ದಾನವ್ವ ಏನಂತಿದ್ರು, ಅಷ್ಟ ಮನಸ್ಸಿನ್ಯಾಗ ತಂದುಕೋರಿ."

"ಆಕಿ ಏನಂತಾಳ ಅನ್ನೂದ ಬಿಟ್ಟು ಇಷ್ಟ ವರ್ಷ ನಾ ಬ್ಯಾರೆ ಏನ ವಿಚಾರ ಮಾಡೀನ್ರಿ ಯವ್ವಾ?"

"ಬದನಿಕಾಯಿ."

'ಎಣ್ಣಿಗಾಯಿ ಆದ್ರ ಹೂಂ, ಬರೀ ಪಲ್ಯ ಆದ್ರ ನೀನ ತಿನ್ನು' ಎಂದುಕೊಂಡ. ದೀಪ ತಾಳೆಯಾಯಿತು. ಬಿಳಿ ಸೀರೆ, ತಾಳೆಯಾಯಿತು. ರೈಲು, ಕರಿ ನಾಯಿ, ತಮ್ಮ ಮಲಕಾರಿಯ ಹಾಡು, ಎಲ್ಲ ತಾಳೆಯಾಯಿತು. ಕೊನೆಗೆ ಪರದೆಯ ಮೇಲೆ ತೊಂಬತ್ತಮೂರು ಎಂದು ಬಂತು. ಯಂತ್ರ ಕೆಟ್ಟಿದೆ ಎಂದುಕೊಂಡು ಡಾಕ್ಟರು ಅದನ್ನು ಆರಿಸಿ, ಮತ್ತೆ ಹಚ್ಚಿ, ಮತ್ತೊಮ್ಮೆ ತೂಗಿದಳು. ಈ ಸಲ ತೊಂಬತ್ತನಾಲ್ಕು.

ಖಾಕಿ ಅಂಗಿಯಲ್ಲೇ ಡ್ಯೂಟಿಯಿಂದ ಬಂದಿದ್ದ ಕಸ್ತೂರಿ ಪರದೆಯನ್ನು ದಿಟ್ಟಿಸಿದಳು. "ನಾ ಆಕಿ ಹೊಟ್ಟ್ಯಾಗ ಹುಟ್ಟಿದಾಕಿ, ನಂದು ಐವತ್ನಾಕು. ಎದುರ ನಿಂತು ಜಗಳಾಡಿದಾಂವಂದು ತೊಂಬತ್ತರ ಮ್ಯಾಗ? ಸಂತ್ಯಾಗಿನ ತಕ್ಕಡಿನೂ ಇಷ್ಟು ಮೋಸ ಮಾಡೂದಿಲ್ಲ ಬಿಡ್ರಿ!"

"ಮೋಸ ಅಲ್ಲವಾ," ಎಂದಳು ಡಾಕ್ಟರು. "ಪ್ರೀತಿ ಮಾಡೋರು ಅರ್ಧ ಮಾತು ಕೇಳ್ತಾರ, ಉಳಿದರ್ಧ ತಾವ ತುಂಬ್ಕೋತಾರ. ಜಗಳಾಡೋರು ಪೂರಾ ಕೇಳ್ತಾರ. ಇಲ್ಲಾಂದ್ರ ಎದುರ ಮಾತು ಸಿಗಬೇಕಲ್ಲ?"

ಮಲಕಾರಿ ಗೋಡೆಗೆ ಒರಗಿದ್ದವನು ನೆಟ್ಟಗಾದ. "ನಮ್ಮಕ್ಕನ ಜೀವದ ಮಾತಿನ್ಯಾಗ ಈ ಹರದೇಶಿ ಎಲ್ಲಿಂದ ಬಂದ? ಆಂವಗೂ ಆಕಿಗೂ ಏನ್ ಸಂಬಂಧ?"

ಏನು ಸಂಬಂಧ? ಗುರುಪಾದಪ್ಪನೂ ಅದನ್ನೇ ಯೋಚಿಸುತ್ತಿದ್ದ. ಅಣ್ಣ ತಂಗಿಯಲ್ಲ, ಗಂಡ ಹೆಂಡತಿಯಂತೂ ಅಲ್ಲವೇ ಅಲ್ಲ, ಗೆಳೆಯರೆಂದರೆ ಇಬ್ಬರೂ ಉಗುಳುತ್ತಿದ್ದರು.

"ಡಾಕ್ಟರವ್ವ, ಆಕಿ ಏಳ್ತಾಳೇನ್ರಿ?"

"ಇಲ್ಲ ಕಾಕಾರ. ಮೂರು ಊರಿನ ಡಾಕ್ಟರು ನೋಡ್ಯಾರ. ಇನ್ನ ಏಳೂದಿಲ್ಲ. ಯಂತ್ರ ತಗದ್ರ ಉಸಿರು ನಿಲ್ತೈತಿ. ಇಟ್ರ ಹಿಂಗ ಇರ್ತಾರ, ಎಷ್ಟು ದಿನಾ ಅಂತ ಹೇಳಾಕಾಗೂದಿಲ್ಲ. ಯಾವುದು ಆಕಿಗೆ ಬೇಕಾಗಿತ್ತು, ನೀವು ಹೇಳಬೇಕು."

ಜೀವ ತೆಗೆಯುವುದು, ಇಡುವುದು ಆಮೇಲಿನ ಮಾತು. ಗುರುಪಾದಪ್ಪನಿಗೆ ಮೊದಲು ನೆನಪಾದದ್ದು ದಪ್ಪಿನ ಕಟ್ಟಳೆ. ಎದುರಾಳಿಯ ದಪ್ಪನ್ನು ತಾನು ಬೋರಲು ಹಾಕುವುದೇ?

*

ಮನೆಗೆ ಬಂದು ಹೆಂಡತಿ ಗೌರಾಬಾಯಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. ಹೇಳಬಾರದಿತ್ತು.

"ತೊಂಬತ್ತನಾಕು!" ಎಂದಳು ಗೌರಾಬಾಯಿ. "ಹಂಗಾರ ನನ್ನೂ ಒಂದೀಟ ತೂಗ್ರಿ ನೋಡೋಣು. ನನಗ ಉಪ್ಪು ಹೆಚ್ಚು ಬೇಕೋ, ಕಡಿಮಿ ಬೇಕೋ?"

ಗುರುಪಾದಪ್ಪ ಸೂರು ನೋಡಿದ. "ಹೆಚ್ಚು...?"

"ನನಗ ಬಿಪಿ ಬಂದು ಒಂಬತ್ತು ವರ್ಷ ಆತು. ದಾನವ್ವಗ?"

"ಸಾರಿಗೆ ಕಡಿಮಿ, ಮಜ್ಜಿಗಿಗೆ ಹೆಚ್ಚು," ಎಂದು ಅವನ ಬಾಯಿಂದ ಜಾರಿಬಿಟ್ಟಿತು. ಗೌರಾಬಾಯಿ ಕೈಯಲ್ಲಿದ್ದ ತಪ್ಪಲೆಯನ್ನು ಇಟ್ಟ ಸದ್ದಿಗೆ ಪಕ್ಕದ ಮನೆಯ ಬೆಕ್ಕು ಊರು ಬಿಟ್ಟು ಹೋದದ್ದು ಇವತ್ತಿಗೂ ಬಂದಿಲ್ಲ.

"ಅಲ್ಲ ಗೌರಾ... ಆಕಿ ಮಜ್ಜಿಗಿ ಮ್ಯಾಗ ಒಂದು ಪದಾ ಕಟ್ಟಿದ್ಲು. ಅದಕ್ಕ ಜವಾಬು ಕಟ್ಟಬೇಕಾಗಿತ್ತು, ಅದಕ್ಕ ಗೊತ್ತು."

"ನಾನೂ ಒಂದು ಪದಾ ಕಟ್ಟಬೇಕಾಗಿತ್ತು ತಗೋರಿ. ಬರೀ ರೊಟ್ಟಿ ಬಡದು ಕೆಟ್ಟೆ." ಆಮೇಲೆ ಅವಳೇ ಮೆತ್ತಗಾದಳು. "ಆ ಹುಡುಗಿ ಕಸ್ತೂರಿ ಏನಂತಾಳ?"

"ಬ್ಯಾಡ ಅಂತಾಳ. ಯಾಕಂತ ಹೇಳವಲ್ಲಳು."

"ನೀವೇನಂತೀರಿ?"

ಗುರುಪಾದಪ್ಪ ಹುಟ್ಟಿದಾಗಿನಿಂದ ಮೊದಲು ಮಾತಾಡಿದವನೇ ಅಲ್ಲ. ದಾನವ್ವ ಪೂರ್ವ ಎಂದರೆ ಪಶ್ಚಿಮ ಎನ್ನುವುದು ಗೊತ್ತಿತ್ತು. ಅವಳು ಏನೂ ಅನ್ನದೆ ಸುಮ್ಮನೆ ಮಲಗಿಬಿಟ್ಟರೆ ತನಗೇನು ಬೇಕು ಎಂದು ಹುಡುಕಿಕೊಳ್ಳುವ ರೂಢಿಯೇ ಅವನಿಗಿರಲಿಲ್ಲ.

*

ಹೆಬ್ಬೆಟ್ಟು ಒತ್ತಿದ ತಕ್ಷಣ ಕೀಲಿ ತಿರುಗುವುದಿಲ್ಲ. ಮೊದಲು ತೀರ್ಮಾನವನ್ನು ಒತ್ತುವವರ ಧ್ವನಿಯಲ್ಲೇ ರೋಗಿಯ ಕಿವಿಯಲ್ಲಿ ಹೇಳಬೇಕು. ಕೆಂಪು ದೀಪ ಹತ್ತಿದರೆ ತೀರ್ಮಾನ ರದ್ದು. ತಕ್ಕಡಿ ಮಾಡಿದವರು ಬುದ್ಧಿವಂತರು, ಹೆಬ್ಬೆಟ್ಟನ್ನೂ ನಂಬಿರಲಿಲ್ಲ.

ಮಲಕಾರಿ ಹೇಳಿ ಹೇಳಿ ಗುರುಪಾದಪ್ಪನ ಕಿವಿ ಸವೆಸಿದ್ದ. "ಅಣ್ಣಾ, ಆಕಿ ಒಂದು ಕಡೆ ಒಂದು ತಾಸು ಸುಮ್ಮನ ಕುಂತಾಕಿ ಅಲ್ಲ. ಈ ಸ್ಥಿತಿ ನೋಡು. ನೋಡಾಕಾಗ್ತೈತೇನು?" ಅದೂ ನಿಜವೆನಿಸಿತು. ಗುರುಪಾದಪ್ಪ ಹಾಸಿಗೆಯ ಬಳಿ ಬಗ್ಗಿ ಹೇಳಿದ: "ದಾನವ್ವ, ಸಾಕು. ಇನ್ನ ಬಿಡು."

ಕೆಂಪು ದೀಪ ಹತ್ತಿತು.

"ನೋಡ್ರಿ!" ಕಸ್ತೂರಿ ಚಪ್ಪಾಳೆ ತಟ್ಟಿಬಿಟ್ಟಳು. "ಬ್ಯಾಡ ಅಂತಾಳ! ನಮ್ಮವ್ವಗ ಇರಬೇಕಂತೈತಿ!"

ಗುರುಪಾದಪ್ಪನ ಎದೆಯ ಮೇಲಿನ ಬಂಡೆ ಇಳಿಯಿತು. ಸರಿ, ಹಾಗಾದರೆ ಇರಲಿ ಎಂದೇ ತೀರ್ಮಾನ. ನಗುನಗುತ್ತಾ ಮತ್ತೆ ಬಗ್ಗಿದ: "ಹಂಗಾರ ಇರು ದಾನವ್ವ. ಗಟ್ಟಿ ಹಿಡಕೋ."

ಕೆಂಪು ದೀಪ ಹತ್ತಿತು. ಮೊದಲಿಗಿಂತ ಜೋರಾಗಿ.

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಬಿಡು ಎಂದರೂ ಬೇಡ, ಹಿಡಿ ಎಂದರೂ ಬೇಡ. ಮಾರನೆಯ ದಿನ ಮತ್ತೆ ನೋಡಿದರು, ಅದೇ. ಮೆಲ್ಲಗೆ ಹೇಳಿದ, ಗದರಿ ಹೇಳಿದ, ಹಾಡಿ ಹೇಳಿದ, ಎಲ್ಲದಕ್ಕೂ ಕೆಂಪು. ಕೊನೆಗೆ ಡಾಕ್ಟರಿಗೆ ಏನೋ ಹೊಳೆಯಿತು.

"ಕಾಕಾರ, ಇವತ್ತು ಸೋಮವಾರ ಅನ್ರಿ."

"ದಾನವ್ವ, ಇವತ್ತು ಸೋಮವಾರ." ಕೆಂಪು.

"ಮಂಗಳವಾರ ಅನ್ರಿ."

"ದಾನವ್ವ, ಇವತ್ತು ಮಂಗಳವಾರ." ಕೆಂಪು.

"ಇವತ್ತು ಬುಧವಾರ ಐತಲ್ರಿ," ಎಂದ ಮಲಕಾರಿ.

"ಅದನ್ನೂ ಅನ್ರಿ."

ಬುಧವಾರಕ್ಕೂ ಕೆಂಪು. ವಾರದಲ್ಲಿ ಇರುವ ಏಳು ದಿನವನ್ನೂ ದಾನವ್ವ ಒಪ್ಪಲಿಲ್ಲ. ಗುರುಪಾದಪ್ಪನ ಧ್ವನಿಯಲ್ಲಿ ಬಂದದ್ದು ಏನೇ ಇರಲಿ, ಅಲ್ಲ ಎನ್ನುವುದೇ ಅವಳ ಜವಾಬು. ಮಲಕಾರಿ ಮಾತಾಡಿದರೆ ಯಾವ ದೀಪವೂ ಇಲ್ಲ. ಕಸ್ತೂರಿ "ಯವ್ವಾ" ಎಂದಾಗ ಮಾತ್ರ ಹಸಿರು ಒಮ್ಮೆ ಮಿಣುಕ್ ಎಂದಿತು.

"ಅಂದ್ರ ಒಳಗ ಎಚ್ಚರ ಅದಾಳ!" ಕಸ್ತೂರಿ ಡಾಕ್ಟರ ತೋಳು ಹಿಡಿದಳು. "ಜಗಳಾ ಮಾಡಾಕತ್ಯಾಳ ಅಂದ್ರ ಎಚ್ಚರ ಇದ್ದಂಗಲ್ಲೇನ್ರಿ?"

"ಇಲ್ಲವಾ. ಹಸಿ ಹಾದ್ಯಾಗ ಗಾಡಿ ಹೋಗಿ ಹೋಗಿ ಗಾಲಿ ಗೆರಿ ಬೀಳ್ತೈತಲ್ಲ? ಗಾಡಿ ಹೋದಮ್ಯಾಲೂ ಗೆರಿ ಉಳೀತೈತಿ. ಇದು ಗೆರಿ. ಗಾಡಿ ಇಲ್ಲ." ಡಾಕ್ಟರು ದೀಪವನ್ನೇ ನೋಡುತ್ತಾ ಮೆಲ್ಲಗೆ ಸೇರಿಸಿದಳು: "ಪುಸ್ತಕ ಹಂಗ ಹೇಳ್ತೈತಿ. ನನಗ ಪೂರಾ ಗೊತ್ತಿಲ್ಲ."

ಗುರುಪಾದಪ್ಪ ಹೊರಗಿನ ಕಟ್ಟೆಯ ಮೇಲೆ ಕೂತ. ತಾನು ಹಿಡಿ ಎಂದಾಗ ಅವಳು ಬೇಡ ಎಂದದ್ದು ಜೀವಕ್ಕೋ, ತನಗೋ? ಬಿಡು ಎಂದಾಗ ಬೇಡ ಎಂದದ್ದು ಸಾವಿಗೋ, ತನಗೋ? ಅವಳನ್ನು ಪೂರಾ ಬಲ್ಲವನು ಎಂದು ತನ್ನನ್ನು ಆರಿಸಿದರು. ಬಲ್ಲೆ ಎನ್ನುವುದೇ ಅಡ್ಡ ಬಂದು ಕೂತಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಎದುರಿಗಿದ್ದ ಬೇವಿನ ಮರಕ್ಕೆ ಬೈದ.

*

ಭಾನುವಾರ ಮನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಗುರುಪಾದಪ್ಪನ ಮಗ್ಗುಲಲ್ಲಿ ಗೌರಾಬಾಯಿಯ ತಾಯಿ. ತೊಂಬತ್ತೆರಡು ವರ್ಷ, ಎಲ್ಲರೂ ಆಯಿ ಎನ್ನುತ್ತಿದ್ದರು. ಬಾಯಲ್ಲಿ ಒಂದೇ ಹಲ್ಲು, ಅದೂ ಒಬ್ಬಂಟಿಯಾಗಿ ಬೇಸತ್ತದ್ದು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಒಂದು ತುತ್ತನ್ನು ಬಲಗಡೆಯಿಂದ ಎಡಗಡೆಗೆ, ಎಡಗಡೆಯಿಂದ ಬಲಗಡೆಗೆ ಸಾಗಿಸುತ್ತಿದ್ದಳು.

ಗುರುಪಾದಪ್ಪನಿಗೆ ಅನ್ನ ಸೇರಲಿಲ್ಲ. ನಾಲ್ಕು ತುತ್ತು ತಿಂದು, ಗಂಗಾಳದಲ್ಲಿ ಕೈ ತೊಳೆದು ಏಳಹೋದ.

"ಕೂಡ್ರಿ," ಎಂದಳು ಗೌರಾಬಾಯಿ. "ಪಂಕ್ತ್ಯಾಗ ಆಯಿ ಇನ್ನಾ ಉಣ್ಣಾಕತ್ತಾಳ."

"ನಂದು ಮುಗೀತಲ್ಲ. ನೀನೂ ನೀಡೂದು ಮುಗಿಸಿ ಕುಂತಿ."

"ನಿಮ್ಮದು ಮುಗದ್ರೇನ, ನಾ ಸೌಟು ಇಟ್ರೇನ? ಮಗ್ಗಲ ಕುಂತಾಕಿದು ಮುಗೀಬೇಕಲ್ಲ. ಇಷ್ಟು ವಯಸ್ಸಾತು, ಇದನ್ನೂ ಹೇಳಿಕೊಡಬೇಕೇನು?"

ಗುರುಪಾದಪ್ಪ ಅರ್ಧ ಎದ್ದವನು ಅಲ್ಲೇ ನಿಂತುಹೋದ. ಆಮೇಲೆ ಮೆಲ್ಲಗೆ ಕೂತ. ಜವಾಬು ಸಿಕ್ಕಿತ್ತು. ಸಂತೆಕಟ್ಟೆಯ ಮೇಲೆ ದಾನವ್ವ ಹಾಕಿದ ಸವಾಲಿಗೆ ಜವಾಬು! ಊಟ ಮುಗಿಯಿತು, ಏಳು ಎನ್ನುವ ಹಕ್ಕು ಉಣ್ಣುವವನದೂ ಅಲ್ಲ, ನೀಡುವವಳದೂ ಅಲ್ಲ. ಮಗ್ಗುಲಲ್ಲಿ ಕೂತು ಇನ್ನೂ ಉಣ್ಣುತ್ತಿರುವವರದು. ಗಂಡೂ ಹೆಚ್ಚಲ್ಲ, ಹೆಣ್ಣೂ ಹೆಚ್ಚಲ್ಲ. ಇಂಥ ಜವಾಬು ಕೊಟ್ಟರೆ ಎದುರಿನವರ ದಪ್ಪು ತಾನಾಗಿಯೇ ಬೋರಲಾಗಬೇಕು!

ಓಡಿಹೋಗಿ ಹೇಳೋಣವೆಂದರೆ ಏಳುವಂತಿಲ್ಲ. ಆಯಿ ಇನ್ನೂ ಅಗಿಯುತ್ತಿದ್ದಳು. ಅವಳು ಆ ತುತ್ತನ್ನು ನುಂಗುವಷ್ಟರಲ್ಲಿ ಹಿತ್ತಲ ಬಾಳೆ ಹೂ ಬಿಟ್ಟು, ಗೊನೆ ಹಾಕಿ, ಎರಡು ಕಾಯಿ ಹಣ್ಣಾದವು. ಬೇಕಾದರೆ ಆ ಬಾಳೆಯನ್ನೇ ಕೇಳಿ.

*

ಸಂಜೆ ದವಾಖಾನೆಯ ಪಡಸಾಲೆಯಲ್ಲಿ ಕಸ್ತೂರಿ, ಮಲಕಾರಿ, ಡಾಕ್ಟರು ಮೂವರನ್ನೂ ಕೂಡಿಸಿ ಗುರುಪಾದಪ್ಪ ಕೇಳಿದ: "ದಾನವ್ವನ ಪಂಕ್ತ್ಯಾಗ ಇನ್ನಾ ಯಾರು ಉಣ್ಣಾಕತ್ತೀರಿ?"

ಅವನು ಆಯಿಯ ಕಥೆ ಹೇಳಿದ. ಡಾಕ್ಟರಿಗೆ ನಗು ಬಂತು, ಆಮೇಲೆ ನಗಲಿಲ್ಲ.

ಮಲಕಾರಿ ನೆಲ ನೋಡುತ್ತಾ ಹೇಳಿದ: "ನಂದು ಮುಗದೈತಣ್ಣ. ಮೊದಲನೇ ವಾರನ ಅಕ್ಕನ ಕಾಲು ಹಿಡದು, ಅನ್ನೂದೆಲ್ಲಾ ಅಂದು ಅತ್ತುಬಿಟ್ಟೀನಿ. ಆಕಿ ಬ್ಯಾನಿ ನೋಡಾಕಾಗೂದಿಲ್ಲಂತ ತಗೀರಿ ಅಂದೆ. ಬ್ಯಾರೆ ಏನಿಲ್ಲ."

ಕಸ್ತೂರಿ ಟಿಕೀಟಿನ ಯಂತ್ರದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. "ನಂದು ಮುಗದಿಲ್ಲ ಕಾಕಾ. ನಾ ಇನ್ನಾ ಕುಂತೇ ಇಲ್ಲ."

"ಯಾಕ ಯವ್ವಾ?"

"ಒಮ್ಮೆ ಅವ್ವ ದಪ್ಪು ಬಗಲಾಗಿಟ್ಕೊಂಡು ನನ್ನ ಗಾಡಿ ಹತ್ತಿದ್ಲು. ಗಾಡಿ ತುಂಬ ಮಂದಿ. ಯಾರೋ, 'ಕಂಡಕ್ಟರವ್ವನ ತಾಯಿ ಕುಣದು ಹಾಡ್ತಾಳಂತ' ಅಂತ ನಕ್ಕ. ನನಗ ನಾಚಿಕಿ ಬಂತು. ಗುರುತು ಇಲ್ಲದಾಕಿ ಹಂಗ ದಪ್ಪಿಗೆ ಲಗೇಜ್ ಟಿಕೀಟು ಹರದು ಕೈಯಾಗ ಕೊಟ್ಟೆ. ಅವ್ವ ನಕ್ಕೋತ ತಗೊಂಡ್ಲು. ಆವತ್ತಿನಿಂದ ಆಕಿ ನನ್ನ ಗಾಡಿ ಹತ್ತಲಿಲ್ಲ. ನಾ ಆಕಿ ಹಾಡು ಒಂದೂ ಕೇಳಾಕ ಹೋಗಲಿಲ್ಲ. ಐವತ್ನಾಕು ಬಂತಲ್ಲ, ಅದ ಹೆಚ್ಚಾತು ನನಗ."

ಡಾಕ್ಟರು ಹೇಳಿದಳು: "ಆದ್ರ ಕಾನೂನು ಒಬ್ಬರ ಹೆಬ್ಬೆಟ್ಟು ಕೇಳ್ತೈತಿ."

"ಹೆಬ್ಬೆಟ್ಟು ನಂದ ಇರಲಿ," ಎಂದ ಗುರುಪಾದಪ್ಪ. "ಹೊತ್ತು ಈಕಿದು. ಉಣ್ಣಲಿ, ಸಾವಕಾಶ ಉಣ್ಣಲಿ."

"ಜವಾಬು ಸಿಕ್ಕಿತು ಅಂತ ಅವ್ವಗ ಹೇಳೂದಿಲ್ಲೇನ ಕಾಕಾ? ಗೆದ್ದಿ ನೀ."

ಗುರುಪಾದಪ್ಪ ಗಾಜಿನ ಕಡೆ ನೋಡಿದ. "ಹೇಳಿದ್ರ ಆಕಿ ಇನ್ನೊಂದು ಸವಾಲು ಹಾಕಬೇಕಾಗ್ತೈತಿ."

ಹತ್ತೊಂಬತ್ತು ದಿನ ಕಸ್ತೂರಿ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ತಾಯಿಯ ಮಗ್ಗುಲಲ್ಲಿ ಕೂತಳು. ಟಿಕೀಟಿನ ಮಾತು ಹೇಳಿದಳು. ಶಾಲೆಯಲ್ಲಿ ತಾಯಿಯ ಹೆಸರು ಕೇಳಿದಾಗ ಬೇರೆ ಹೆಸರು ಹೇಳಿದ್ದನ್ನು ಹೇಳಿದಳು. ಬೈದಳು ಕೂಡ: "ಜ್ವರಾ ಬಂದಾಗ ನನ್ನ ಬಿಟ್ಟು ಹಾಡಾಕ ಹೋಗಿದ್ದಿ ನೀ, ನಾ ಮರತಿಲ್ಲ." ಹಸಿರು ದೀಪ ಕೆಲವೊಮ್ಮೆ ಮಿಣುಕಿತು, ಹೆಚ್ಚಾಗಿ ಮಿಣುಕಲಿಲ್ಲ. ದಿನದಿನಕ್ಕೆ ಅದು ಕಡಿಮೆಯಾಗುತ್ತಿದೆ ಎಂದು ಡಾಕ್ಟರು ಬರೆದುಕೊಂಡಳು. ಗುರುಪಾದಪ್ಪ ಬಾಗಿಲ ಹೊರಗೇ ಕೂತಿರುತ್ತಿದ್ದ. ತನ್ನ ಧ್ವನಿ ಬಿದ್ದರೆ ಅವಳಿಗೆ ಕೆಲಸ ಹೆಚ್ಚು ಎಂದು ಕೆಮ್ಮನ್ನೂ ನುಂಗುತ್ತಿದ್ದ.

ಇಪ್ಪತ್ತನೆಯ ದಿನ ಬೆಳಿಗ್ಗೆ ಕಸ್ತೂರಿ ಹೊರಗೆ ಬಂದಳು. ಕಣ್ಣು ಕೆಂಪಗಿತ್ತು, ಮುಖ ತಿಳಿಯಾಗಿತ್ತು.

"ಕಾಕಾ, ನಂದು ಉಂಡಾತು."

"ಹೊಟ್ಟಿ ತುಂಬ?"

"ತುಂಬಲಿಲ್ಲ. ಆದ್ರೂ ಆತು."

ಗುರುಪಾದಪ್ಪ ತನ್ನ ದಪ್ಪನ್ನು ತರಿಸಿದ. ದವಾಖಾನೆಯ ಆ ಕೋಣೆಯಲ್ಲಿ ಸದ್ದು ಮಾಡಬಾರದೆಂಬ ಫಲಕದ ಕೆಳಗೇ ನಿಂತು ಬಡಿದ. ಅವಳ ಸವಾಲನ್ನು ಅವಳ ಮಟ್ಟಿನಲ್ಲೇ ತಿರುಗಿ ಹಾಡಿದ. ಕುಂತು ಉಣ್ಣಾಂವ ಗಂಡಪ್ಪ, ನಿಂತು ನೀಡಾಕಿ ಹೆಣ್ಣವ್ವ... ಕೆಂಪು ದೀಪ ಬಿಡದೆ ಉರಿಯುತ್ತಿತ್ತು. ಸವಾಲು ಮುಗಿದು ಜವಾಬಿನ ಜಾಗ ಬಂತು. ಮೂವತ್ತಾರು ವರ್ಷದಲ್ಲಿ ಕಟ್ಟಿದ ಜವಾಬುಗಳಿಗೆಲ್ಲ ಅಪ್ಪನಂಥ ಜವಾಬು ನಾಲಿಗೆಯ ತುದಿಯಲ್ಲಿ ಕೂತು ಕುಣಿಯುತ್ತಿತ್ತು. ಗುರುಪಾದಪ್ಪ ಅದನ್ನು ನುಂಗಿದ. ಮೊಣಕಾಲೂರಿ, ತನ್ನ ದಪ್ಪನ್ನು ನೆಲದ ಮೇಲೆ ಬೋರಲು ಹಾಕಿದ.

"ಜವಾಬು ಸಿಗಲಿಲ್ಲ ದಾನವ್ವ. ನಾ ಸೋತೆ."

ಸೋತೆ ಎಂದರೂ ಅಲ್ಲ ಎನ್ನಬೇಕಿತ್ತಲ್ಲ ಅವಳು? ಎಲ್ಲರೂ ದೀಪ ನೋಡಿದರು. ಕೆಂಪು ಒಮ್ಮೆ ನಡುಗಿ ಆರಿತು.

"ಇನ್ನ ಏಳು," ಎಂದ ಗುರುಪಾದಪ್ಪ.

ಕೆಂಪು ಹತ್ತಲಿಲ್ಲ. ಅವನು ಹೆಬ್ಬೆಟ್ಟು ಇಟ್ಟ. ಡಾಕ್ಟರು ಕೀಲಿ ತಿರುಗಿಸಿದಳು. ಕಸ್ತೂರಿ ತಾಯಿಯ ಕೈ ಹಿಡಿದಿದ್ದಳು, ಮಲಕಾರಿ ಕಾಲು ಹಿಡಿದಿದ್ದ. ಎದೆ ಒಮ್ಮೆ ಏರಿ, ಇಳಿದು, ಮತ್ತೆ ಏರಲಿಲ್ಲ.

ಆ ಕ್ಷಣದಲ್ಲಿ ಹಸಿರು ಮಿಣುಕಿತು ಎಂದು ಕಸ್ತೂರಿ ಇವತ್ತಿಗೂ ಹೇಳುತ್ತಾಳೆ. ಇಲ್ಲವೇ ಇಲ್ಲ ಎಂದು ಮಲಕಾರಿ. ಅವಳು ಒಪ್ಪಿದಳೋ, ಎದುರಿಸಲು ಏನೂ ಉಳಿಯದೆ ಆ ಗಾಲಿಯ ಗೆರೆ ಅಳಿಸಿಹೋಯಿತೋ ಎಂಬ ಕಡೆ ಡಾಕ್ಟರು 'ಗೊತ್ತಾಗಲಿಲ್ಲ' ಎಂದು ಬರೆದು ಸಹಿ ಹಾಕಿದಳು. ಗುರುಪಾದಪ್ಪನ ಗೊಂದಲವೇ ಬೇರೆ. ಅವನ ತಲೆಯಲ್ಲಿ ಅವಳ ಮರಿ ಕೂತಂತೆ ಅವಳ ತಲೆಯಲ್ಲೂ ಅವನ ಮರಿ ಕೂತಿರಲೇಬೇಕಲ್ಲ? ಜವಾಬು ಬಾಯಲ್ಲಿಟ್ಟುಕೊಂಡು ಸುಳ್ಳು ಹೇಳುತ್ತಿದ್ದಾನೆ ಎಂದು ಅವಳಿಗೆ ತಿಳಿಯದೇ ಇದ್ದೀತೇ? ತಿಳಿದೂ ಸುಮ್ಮನಾದಳೇ? ಹಾಗಾದರೆ ಸೋತವರು ಯಾರು?

ದಾನವ್ವನ ದಪ್ಪನ್ನು ಯಾರೂ ಬೋರಲು ಹಾಕಲಿಲ್ಲ. ಕಸ್ತೂರಿ ಅದನ್ನು ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟಿನ ಮೇಲೆ ಕೂಡಿಸಿ ಊರಿಗೆ ಒಯ್ದಳು. ಯಾರೋ ಲಗೇಜ್ ಟಿಕೀಟು ಎಲ್ಲಿ ಎಂದು ನಕ್ಕರಂತೆ. "ಅದು ನಮ್ಮವ್ವ," ಎಂದಳಂತೆ. ಗುರುಪಾದಪ್ಪ ಈಗ ಮನೆಯಲ್ಲೇ ಗೌರಾಬಾಯಿಯ ಜೊತೆ ವಾದ ಮಾಡುತ್ತಾನೆ. ಅವಳಿಗೆ ಉಪ್ಪು ಎಷ್ಟು ಎಂದು ಕೇಳಿ ನೋಡಿ, ಚಿಟಿಕೆಯಲ್ಲಿ ಎಣಿಸಿ ಹೇಳುತ್ತಾನೆ.

ಏ, ಏ, ಎಲ್ಲಿಗೆ ಎದ್ದಿರಿ? ಕೂಡಿ. ನಿಮ್ಮದು ಕೇಳಿ ಮುಗಿದರೇನು, ನಾನು ಹೇಳಿ ಮುಗಿಸಿದರೇನು? ಮಗ್ಗುಲಲ್ಲಿ ಕೂತವನದು ಮುಗಿಯಬೇಕಲ್ಲ. ನನ್ನ ಚಹಾ ಇನ್ನೂ ಮುಗಿದಿಲ್ಲ. ಬಟ್ಟಲು ಖಾಲಿ ಇದೆ ಎನ್ನುತ್ತೀರಾ? ಅದಕ್ಕೇ ಹೇಳಿದ್ದು, ಮುಗಿಯಬೇಕಾದರೆ ಮೊದಲು ಶುರುವಾಗಬೇಕು. ಒಂದು ಚಹಾ ಹೇಳಿ, ಜೊತೆಗೆ ಎರಡು ಮಿರ್ಚಿ ಭಜಿ. ಅದು ಬರುವಷ್ಟರಲ್ಲಿ, ನಿಮ್ಮ ಮಾತಿಗೆ ದಿನಾ ಅಡ್ಡ ಬರುವವರು ಯಾರು ಎಂದು ಸುಮ್ಮನೆ ಹೆಸರು ಹೇಳಿಬಿಡಿ. ಅವರ ಹೆಬ್ಬೆಟ್ಟು ಈಗಲೇ ಒಮ್ಮೆ ನೋಡಿಟ್ಟುಕೊಂಡರೆ ಒಳ್ಳೆಯದು.